ಮೊದಲ ಹಿಡಿ ನೆಲಕ್ಕೆ

ತಾಂಡೂರಿನ ಗಂಜಿಗೆ, ಎಂದರೆ ದವಸದ ಮಾರುಕಟ್ಟೆಗೆ, ತೊಗರಿ ತಂದ ರೈತ ಯಾವ ಊರಿನವನೇ ಇರಲಿ, ಚೀಲ ಇಳಿಸುವ ಮೊದಲು ಒಂದು ಮಾತು ಕೇಳುತ್ತಿದ್ದ: "ಇವತ್ತ ಶಕ್ಕೀ ಶಾಂತಪ್ಪ ಬಂದಾನೇನು?" ಬಂದಿದ್ದಾನೆ ಎಂದರೆ ಕೆಲವರ ಮುಖ ಅರಳುತ್ತಿತ್ತು, ಕೆಲವರದು ಬಾಡುತ್ತಿತ್ತು. ಯಾರ ಚೀಲ ಮೇಲೂ ತಳದಲ್ಲೂ ಒಂದೇ ಆಗಿರುತ್ತಿತ್ತೋ ಅವರದು ಅರಳುತ್ತಿತ್ತು.

ಶಾಂತಪ್ಪನ ಕೆಲಸ ತೊಗರಿ ನೋಡುವುದು. ಖರೀದಿ ಮಾಡುವವರ ಪರವಾಗಿ ಒಂದೊಂದೇ ಚೀಲ ಪರೀಕ್ಷಿಸಿ, ಇದು ಮೊದಲನೇ ದರ್ಜೆ, ಇದು ಎರಡನೆಯದು ಎಂದು ಹೇಳುವುದು. ಚೂಪು ಮೂತಿಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ಕಾಳು ಜಾರಿ ಅಂಗೈಗೆ ಬರುತ್ತದೆ. ಮೊದಲ ಹಿಡಿಯನ್ನು ಅವನು ನೋಡುವುದೇ ಇಲ್ಲ, ನೆಲಕ್ಕೆ ಚೆಲ್ಲುತ್ತಾನೆ. ಕಣ್ಣಿಗೆ ಹಿಡಿಯುವುದು ಎರಡನೆಯ ಹಿಡಿಯನ್ನು. "ಮೊದಲ ಹಿಡಿ ನೆಲಕ್ಕೆ" ಎನ್ನುವುದು ಗಂಜಿನ ಹಿರಿಯರ ಕಾಲದ ರೂಢಿ. ಮಾರುವವನು ತೋರಿಸಬೇಕೆಂದದ್ದು ಮೊದಲ ಹಿಡಿಯಲ್ಲಿರುತ್ತದೆ, ನಿಜವಾಗಿ ಇದ್ದದ್ದು ಎರಡನೆಯದರಲ್ಲಿ. ಗಡಿಬಿಡಿಯ ಕಾಲ ಬಂದು ಉಳಿದವರೆಲ್ಲ ಆ ರೂಢಿ ಬಿಟ್ಟರು. ಶಾಂತಪ್ಪ ಬಿಡಲಿಲ್ಲ.

ಅವನು ಹುಟ್ಟಿನಿಂದ ಶಕ್ಕೀ, ಎಂದರೆ ಶಂಕೆಯವ, ಆಗಿರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಊರ ಹೊರಗಿನ ಗಣಿಯಲ್ಲಿ ಹಾಸುಗಲ್ಲು ಒಡೆಯುವ ಕೆಲಸಕ್ಕಿದ್ದ. ಕಲ್ಲಿನ ಸಿಡಿತ ಹೆಚ್ಚಾಯಿತೆಂದು ಹಿಂಜರಿದಾಗ ಮೇಸ್ತ್ರಿ ಹೇಳಿದ್ದ: "ಏನೂ ಆಗಂಗಿಲ್ಲ, ಹೊಡಿ." ಹೊಡೆದ. ಚೂರೊಂದು ಬಂದು ಎಡಗಣ್ಣು ತೆಗೆದುಕೊಂಡು ಹೋಯಿತು. ಅಂದಿನಿಂದ "ಏನೂ ಆಗಂಗಿಲ್ಲ" ಎಂದವನನ್ನು ಶಾಂತಪ್ಪ ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡುತ್ತಾನೆ. ನೋಡುವುದು ಉಳಿದ ಬಲಗಣ್ಣಿನಿಂದ. ಕಾಳಿನ ಮೈಯಲ್ಲಿ ಹುಳ ಕೊರೆದ ಸೂಜಿಮೊನೆಯಷ್ಟು ತೂತನ್ನೂ ಹಿಡಿಯುವ ಕಣ್ಣು ಅದು. ಮನೆ ನಡೆಯುತ್ತಿದ್ದದ್ದು ಆ ಒಂದು ಕಣ್ಣಿನ ಮೇಲೆ.

ಎರಡು ಸಾವಿರದ ಹನ್ನೆರಡರ ಬೇಸಿಗೆ. ಪತ್ರಿಕೆಯ ಮೊದಲ ಪುಟದ ತುಂಬ ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟದ ಸುದ್ದಿ; ಒಳಗಿನ ಪುಟದ ಮೂಲೆಯಲ್ಲಿ ನಾಲ್ಕು ಸಾಲು. ಜೂನ್ ಆರರ ಬೆಳಿಗ್ಗೆ ಶುಕ್ರಗ್ರಹ ಸೂರ್ಯನ ಮುಂದೆ ಹಾದು ಹೋಗುತ್ತದೆ, ಕರಿ ಚುಕ್ಕೆಯಂತೆ ಕಾಣುತ್ತದೆ, ಇದು ಬಿಟ್ಟರೆ ಮತ್ತೆ ನೂರಾ ಐದು ವರ್ಷಕ್ಕೆ.

ಗಂಜಿನ ಚಹಾದ ಅಂಗಡಿಯಲ್ಲಿ ಹಮಾಲರ ಮುಖಂಡ ಮೊಗಲಪ್ಪ ಅದನ್ನು ಓದಿಸಿಕೊಂಡು ನಕ್ಕ. "ತಾರೀಖು ಕೊಟ್ಟಾರಂತ! ಅಣ್ಣಾ, ಎರಡ್ಮೂರು ವರ್ಷದ ಹಿಂದ ಡಿಸೆಂಬರ್ ಒಂಬತ್ತಕ್ಕ ದಿಲ್ಲಿಯವರೂ ತೆಲಂಗಾಣ ಕೊಟ್ವಿ ಅಂದಿದ್ರು. ನಾವು ಮಿಠಾಯಿ ಹಂಚಿದ್ವಿ. ಹದಿನೈದು ದಿನದಾಗ ಮಾತು ತಿರುವಿದ್ರು. ಇನ್ನ ಶುಕ್ರ ಬರ್ತಾನ?"

"ಬರ್ತಾನೋ ಇಲ್ಲೋ, ಪೇಪರಿನವ್ರ ಮಾತೂ ಬ್ಯಾಡ, ನಿನ್ನ ಮಾತೂ ಬ್ಯಾಡ" ಎಂದ ಶಾಂತಪ್ಪ. "ನಾನೇ ಚೀಲಕ್ಕ ಚುಚ್ಚಿ ನೋಡ್ತೀನಿ. ಇಲ್ಲೇ, ಈ ಗಂಜಿನಾಗೇ, ಎಲ್ಲಾರ ಮುಂದ."

ಮಾತು ಬಾಯಿಂದ ಹೊರಬಿತ್ತು. ಮನೆಗೆ ಬಂದು ಹೇಳಿದರೆ ಹೆಂಡತಿ ಶಕುಂತಲಾಬಾಯಿ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು. "ನನ್ನ ಉಪ್ಪಿನಕಾಯಿ ಮ್ಯಾಲ ಶಕ್, ಹಾಲಿನವಳ ಮ್ಯಾಲ ಶಕ್. ಇನ್ನ ಸೂರ್ಯ ಒಬ್ಬ ಉಳಿದಿದ್ದ! ರೀ, ನಿಮ್ಮ ಹತ್ರ ಇರೋದು ಒಂದ ಕಣ್ಣು. ಅದನ್ನ ತೊಗೊಂಡು ಹೋಗಿ ಸೂರ್ಯಾಗ ಹಚ್ತೀರೇನು?"

ಆದರೂ ಮರುವಾರ ಶಾಂತಪ್ಪ ದುರ್ಬೀನು ಹುಡುಕಿಕೊಂಡು ಜಹೀರಾಬಾದಿನ ಬಸ್ಸು ಹತ್ತಿದ.

ಜಹೀರಾಬಾದಿನಲ್ಲಿ ಮಿಲಿಂದ್ ಎಂಬ ಹುರುಪಿನ ಯುವಕನ ಚಷ್ಮಾ ಅಂಗಡಿ. ಚಷ್ಮಾದ ಜೊತೆ ಗೋಡೆ ಗಡಿಯಾರ, ಕ್ಯಾಮೆರಾ, ಆಟದ ಸಾಮಾನೂ ಅಲ್ಲಿದ್ದವು. ಅಟ್ಟದಿಂದ ಒಂದು ಉದ್ದ ಡಬ್ಬಿ ಇಳಿಸಿ ಧೂಳು ಒರೆಸಿದ. ಒಳಗೆ ಬಿಳಿ ಬಣ್ಣದ ದುರ್ಬೀನು, ಅದನ್ನು ನಿಲ್ಲಿಸುವ ಮೂರು ಕಾಲಿನ ಕುದುರೆ, ಮತ್ತು ಕಣ್ಣಿಡುವ ತುದಿಗೆ ಒಂದಾದ ಮೇಲೊಂದು ಬದಲಿಸಿ ಹಾಕುವ ಮೂರು ಪುಟ್ಟ ಗಾಜಿನ ಕೊಳವೆಗಳು. ಅವಕ್ಕೆ ಐಪೀಸ್ ಎನ್ನುತ್ತಾರೆ ಎಂದ ಮಿಲಿಂದ್. ಒಂದರ ಮೇಲೆ ಇಪ್ಪತ್ತು ಎಂದು ಬರೆದಿತ್ತು, ಒಂದರ ಮೇಲೆ ಹನ್ನೆರಡೂವರೆ, ಒಂದರ ಮೇಲೆ ನಾಲ್ಕು.

"ಎಷ್ಟು ದೊಡ್ಡದು ಕಾಣ್ತದಪಾ ಇದ್ರಾಗ?"

"ಐನೂರಾ ಇಪ್ಪತ್ತೈದು ಪಟ್ಟು ಕಾಕಾ! ಡಬ್ಬಿ ಮ್ಯಾಲ ಬರದಾರ ನೋಡ್ರಿ."

"ಡಬ್ಬಿ ಮ್ಯಾಲಿಂದು ಓದಿದಿ. ಒಳಗಿಂದು ನೋಡೀಯೇನು?"

ಮಿಲಿಂದ್ ತಲೆ ಕೆರೆದುಕೊಂಡ. ಶಾಂತಪ್ಪ ಇಪ್ಪತ್ತರದನ್ನು ಎತ್ತಿ ಬೆಳಕಿಗೆ ಹಿಡಿದ. "ಇದು ಎಲ್ಲಾಕಿಂತ ದೊಡ್ಡದು ತೋರಸ್ತದ, ಹೌದಲ್ಲೋ?"

"ಇಲ್ರಿ ಕಾಕಾ, ನಾಕು ನಂಬರಿಂದು ದೊಡ್ಡದು ತೋರಸ್ತದ. ಇಪ್ಪತ್ತರದು ಸಣ್ಣದು."

"ನಾಕು ಇಪ್ಪತ್ತಕಿಂತ ದೊಡ್ಡದಾತು? ಯಾವ ಗಂಜಿನ ಲೆಕ್ಕೋ ತಮ್ಮಾ ಇದು?"

"ಯಾಕಂತ ನಂಗೂ ಗೊತ್ತಿಲ್ರಿ, ಆದ್ರ ಹಂಗೇ ಅದ." ಮಿಲಿಂದ್ ಅಷ್ಟು ನಿಜ ಹೇಳಿ, ಡಬ್ಬಿಯ ಮೂಲೆಯಿಂದ ಎಂಟಾಣೆ ಬಿಲ್ಲೆಯಷ್ಟು ಅಗಲದ ಕಡು ಹಸಿರು ಗಾಜೊಂದನ್ನು ತೆಗೆದ. "ಇದು ಸೂರ್ಯನ ಗಾಜು. ಐಪೀಸಿನ ಬಾಯಿಗೆ ತಿರುವಿ ಕೂಡಸ್ರಿ, ಕಣ್ಣು ಹಚ್ರಿ, ಸೀದಾ ಸೂರ್ಯನ್ನೇ ನೋಡ್ರಿ. ಏನೂ ಆಗಂಗಿಲ್ಲ."

ಶಾಂತಪ್ಪ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದ.

ಆದರೂ ದುರ್ಬೀನು ಕೊಂಡ. ಬೇರೆ ಕಡೆ ಸಿಗುತ್ತಿರಲಿಲ್ಲ. ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ವಾಪಸು ಬರುವಾಗ ಕೊಹೀರ್ ದಾಟಿದ ಮೇಲೆ ಬಸ್ಸು ನಿಂತಿತು. ರಸ್ತಾರೋಕೋ. ತೆಲಂಗಾಣದ ಗುಲಾಬಿ ಬಾವುಟ ಹಿಡಿದ ಹುಡುಗರು ರಸ್ತೆಯ ನಡುವೆ, ಲಾಠಿ ಹಿಡಿದ ಪೊಲೀಸರು ಬೇವಿನ ನೆರಳಿನಲ್ಲಿ. ಬಸ್ಸಿನೊಳಗೆ ಬಂದ ಹುಡುಗನೊಬ್ಬ ಕಂಬಳಿಯ ಗಂಟು ನೋಡಿ, "ಏನದ ಕಾಕಾ? ಪೊಲೀಸ್ರ ಕ್ಯಾಮೆರಾ ಅಲ್ಲಲ್ಲ?" ಎಂದ. ಅವನ ಹಿಂದೆಯೇ ಹತ್ತಿದ ಪೇದೆ, "ಏ, ಏನದು ನಳಿಗಿ? ಇಳಸು ಕೆಳಗ" ಎಂದ. ಇಡೀ ದಿನ ಒಂದೂ ಮಾತಿಗೆ ಹೊಂದಿಕೆಯಾಗದ ಆ ಇಬ್ಬರೂ ಶಾಂತಪ್ಪನ ವಿಷಯದಲ್ಲಿ ಒಂದಾದರು.

"ಶುಕ್ರ ನೋಡೋದ್ರಿ" ಎಂದ ಶಾಂತಪ್ಪ.

ಹುಡುಗ ಪೇದೆಯ ಮುಖ ನೋಡಿದ, ಪೇದೆ ಹುಡುಗನ ಮುಖ ನೋಡಿದ. ಪೇದೆ ಕಂಬಳಿಯ ಒಂದು ತುದಿ ಎತ್ತಿ, ಬಿಳಿ ಕೊಳವೆ ಕಂಡು, ಸರಿ ಹೋಗು ಎಂದು ಕೈ ಬೀಸಿದ. ಶಾಂತಪ್ಪನಿಗೆ ಅದು ಸೇರಲಿಲ್ಲ. "ಸಾಹೇಬ್ರ, ಮ್ಯಾಲಷ್ಟೇ ನೋಡಿ ಬಿಡಬ್ಯಾಡ್ರಿ. ತಳಾನೂ ನೋಡ್ರಿ. ನಾಳೆ ಬ್ಯಾರೆಯವ ಬಂದ್ರ?" ಎಂದು ತಾನೇ ಗಂಟು ಬಿಚ್ಚಿ ಎಲ್ಲವನ್ನೂ ತೋರಿಸಿದ. ಬಸ್ಸಿನವರು ಹಣೆ ಚಚ್ಚಿಕೊಂಡರು.

ಮನೆಯ ಮಾಳಿಗೆಯ ಮೇಲೆ ದುರ್ಬೀನು ನಿಂತಿತು. ಮೊದಲು ಸಿಮೆಂಟ್ ಕಾರ್ಖಾನೆಯ ಚಿಮಣಿಗೆ ತಿರುಗಿಸಿದ. ನಾಲ್ಕು ನಂಬರಿನ ಐಪೀಸ್ ಹಾಕಿದರೆ ಬರೀ ಮಬ್ಬು, ಉಸಿರಾಡಿದರೂ ಓಲಾಡುವ ಬೂದಿ ಬಣ್ಣ. ಇಪ್ಪತ್ತರದು ಹಾಕಿದರೆ ಚಿಮಣಿ ಸ್ವಚ್ಛ, ಇಟ್ಟಿಗೆಯ ಸಾಲು ಎಣಿಸಬಹುದು, ಆದರೆ ತಲೆಕೆಳಗು. "ಚಿಮಣಿ ಆಕಾಶದಿಂದ ಜೋತು ಬಿದ್ದದ!" ಎಂದು ಕೂಗಿದ. ತಲೆಕೆಳಗು ಮಾಡಿ ತೋರಿಸುವ ವಸ್ತುವನ್ನು ಹೇಗೆ ನಂಬುವುದು?

ಅಷ್ಟರಲ್ಲಿ ಪಕ್ಕದ ಮಾಳಿಗೆಯಿಂದ ಬಂಡಮ್ಮನ ದನಿ ಬಂತು. "ಶಕುಂತಲಕ್ಕಾ, ನಿಮ್ಮ ಯಜಮಾನ್ರು ಯಾವ ಚುಕ್ಕಿ ಹಿಡ್ಯಾಕ ಹತ್ಯಾರ? ಚುಕ್ಕಿ ಮ್ಯಾಲಿರ್ತಾವ. ಇದರ ಬಾಯಿ ನಮ್ಮ ಮಾಳಿಗಿ ಕಡೆ ಅದ!"

"ನಿನ್ನ ಮಾಳಿಗ್ಯಾಗ ನೋಡಾಕ ಏನದ ಬಂಡಮ್ಮ, ಒಣಮೆಣಸಿನಕಾಯಿ ಬಿಟ್ರ?"

"ಅದಕ್ಕೇ ಅಂದೆ. ಹೋದ ವಾರ ಎರಡು ಸೇರು ಕಮ್ಮಿ ಬಿದ್ದಾವ!"

ಆ ರಾತ್ರಿ ಊಟಕ್ಕೆ ಕುಳಿತಾಗ ಶಕುಂತಲಾಬಾಯಿ ಗಂಡನ ತಾಟಿಗೆ ಪುಂಡಿಪಲ್ಯ ಬಡಿಸುತ್ತ ಹೇಳಿದಳು. ಅವಳ ತವರು ನಾರಾಯಣಖೇಡ. ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸಿದ ವಿಮಲಾಬಾಯಿ ಟೀಚರ್ ನಿವೃತ್ತರಾಗಿ ಅಲ್ಲೇ ಇದ್ದಾರೆ, ಮನೆಯಲ್ಲಿ ದುರ್ಬೀನು ಇಟ್ಟುಕೊಂಡಿದ್ದಾರೆ. "ಅವರನ್ನ ಕೇಳದ ನೀವು ಕಣ್ಣು ಹಚ್ಚಿದ್ರ ನಾನು ತವರಿಗಿ ಹೋಗಿ ಕೂಡ್ತೀನಿ."

ಹೀಗೆ ಇಬ್ಬರೂ ದುರ್ಬೀನು ಹೊತ್ತು ನಾರಾಯಣಖೇಡಕ್ಕೆ ಹೋದರು. ವಿಮಲಾಬಾಯಿಯವರಿಗೆ ಎಪ್ಪತ್ತರ ಹತ್ತಿರ. ಬೆನ್ನು ನೆಟ್ಟಗೆ, ಮಾತು ಇನ್ನೂ ನೆಟ್ಟಗೆ.

"ಬಾರವ್ವ ಶಕುಂತಲಾ. ಇವರೇನು ನಿನ್ನ ಯಜಮಾನ್ರು? ಕೂಡ್ರಿ."

ಶಾಂತಪ್ಪ ಕುಳಿತವನೇ ಚೀಲದಿಂದ ಐಪೀಸುಗಳನ್ನು ತೆಗೆದು ಸಾಲಾಗಿ ಇಟ್ಟ. "ಬಾಯಿಯವ್ರ, ನಾಕು ನಂಬರ್ ಇಪ್ಪತ್ತಕಿಂತ ದೊಡ್ಡದು ತೋರಸ್ತದಂತಾರ. ಇದು ಮೋಸ ಹೌದೋ ಅಲ್ಲೋ, ಅಷ್ಟು ಹೇಳ್ರಿ."

"ಮೋಸ ಅಲ್ಲ. ನಿಮ್ಮ ದುರ್ಬೀನಿನ ಲೆಕ್ಕ ಏಳುನೂರು. ಕೊಳವೀ ಮ್ಯಾಲೇ ಬರದದ. ಅದನ್ನ ಐಪೀಸಿನ ನಂಬರಿಂದ ಭಾಗಸ್ರಿ. ಇಪ್ಪತ್ತರಿಂದ ಭಾಗಿಸಿದ್ರ?"

"ಮೂವತ್ತೈದು."

"ನಾಕರಿಂದ?"

"ನೂರಾ ಎಪ್ಪತ್ತೈದು." ಶಾಂತಪ್ಪ ಮೆಲ್ಲಗೆ ತನಗೇ ಹೇಳಿಕೊಂಡ: "ರಾಶಿ ಒಂದೇ. ಅಳತಿ ಡಬ್ಬಿ ಸಣ್ಣದಾದಷ್ಟು ಎಣಿಕಿ ಜಾಸ್ತಿ. ಹಂಗಾದ್ರ ಆ ಹುಡುಗ ಖರೇ ಹೇಳಿದ್ದ." ಒಬ್ಬನನ್ನು ಸುಮ್ಮನೆ ಶಂಕಿಸಿದ್ದಕ್ಕೆ ಅವನಿಗೆ ಬೇಸರವಾದಂತೆ ಕಂಡಿತು, ಆದರೆ ಬೇಸರ ಬಹಳ ಹೊತ್ತು ಉಳಿಯಲಿಲ್ಲ. "ಮತ್ತ ನಾಕರದ್ರಾಗ ಮಬ್ಬು ಯಾಕ?"

"ಒಳಗ ಬರೋ ಬೆಳಕು ಅಷ್ಟೇ ಅಲ್ಲೇನ್ರಿ? ಒಂದು ಸೇರು ತೊಗರೀನ ಮೊರದಾಗ ಹರವಿದ್ರ ದಟ್ಟ ಕಾಣ್ತದ, ಅಂಗಳದ ತುಂಬ ಹರವಿದ್ರ? ನಿಮ್ಮ ದುರ್ಬೀನಿನ ಬಾಯಿ ಅರವತ್ತು ಮಿಲಿಮೀಟರು. ಅದರ ಎರಡರಷ್ಟು, ನೂರಾ ಇಪ್ಪತ್ತು ಪಟ್ಟು, ಅಲ್ಲಿಗಿ ಮುಗೀತು. ಐನೂರು ಅಂತ ಬರದದ್ದು ಡಬ್ಬೀ ಮಾರಾಕ. ತಲೆಕೆಳಗ ಕಾಣೋದು ಮಾತ್ರ ಸಹಜ. ಆಕಾಶಕ್ಕ ಮ್ಯಾಲಿಲ್ಲ ಕೆಳಗಿಲ್ಲ."

ಆಮೇಲೆ ಶಾಂತಪ್ಪ ಹಸಿರು ಗಾಜು ತೆಗೆದ. ಅದನ್ನು ಕಂಡದ್ದೇ ವಿಮಲಾಬಾಯಿಯವರ ಮುಖ ಬಿಗಿಯಿತು.

"ಇದಕ್ಕ ಕಣ್ಣು ಹಚ್ಚೀರೇನು?"

"ಇಲ್ರಿ ಇನ್ನಾ."

"ಹಚ್ಚಬ್ಯಾಡ್ರಿ. ಸೂರ್ಯನ ಕಾವೆಲ್ಲ ಬಂದು ಕೂಡೋ ಜಾಗಕ್ಕ ಇದನ್ನ ಇಡ್ತಾರ. ಕಾದು ಒಡೀತಂದ್ರ ರೆಪ್ಪಿ ಮುಚ್ಚಾಕ ಟೈಮ್ ಸಿಗಂಗಿಲ್ಲ. ಸೂರ್ಯನ್ನ ಕಣ್ಣಿಂದ ನೋಡಬಾರದು, ಹಾಳಿ ಮ್ಯಾಲ ಬೀಳಿಸಿ ನೋಡಬೇಕು." ಅವರು ಒಳಗಿನಿಂದ ಮರದ ಪೆಟ್ಟಿಗೆ ತಂದರು. ಅದರಲ್ಲಿ ಎರಡು ಐಪೀಸು. ಒಂದು ಫಳಫಳ ಹೊಳೆಯುವ ಹೊಸದು, ಒಂದು ಕಿಲುಬು ಹತ್ತಿದ ಹಿತ್ತಾಳೆಯದು, ಮೈಮೇಲೆ ಇಪ್ಪತ್ತೈದು ಎಂಬ ಅಂಕಿ ಅರ್ಧ ಸವೆದದ್ದು. ಹಿತ್ತಾಳೆಯದನ್ನು ಶಾಂತಪ್ಪನ ಕಡೆ ಸರಿಸಿದರು. "ಇದು ಒಯ್ರಿ. ಕೆಲಸ ಆದ ಮ್ಯಾಲ ತಂದು ಕೊಡ್ರಿ."

ಶಾಂತಪ್ಪನ ಬಲಗಣ್ಣು ಕಿರಿದಾಯಿತು. ಹೊಳೆಯುವುದನ್ನು ತಮ್ಮ ಬಳಿ ಇಟ್ಟುಕೊಂಡು ಕಿಲುಬಿನದನ್ನು ಕೊಡುತ್ತಿದ್ದಾರೆ, ಅದೂ ಬಿಟ್ಟಿ. ಗಂಜಿನಲ್ಲಿ ಬಿಟ್ಟಿ ಕೊಟ್ಟ ಚೀಲದ ತಳದಲ್ಲಿ ಏನಿರುತ್ತದೆಂದು ಅವನಿಗೆ ಗೊತ್ತು. "ಆ ಹೊಸಾದು ಯಾಕ ಬ್ಯಾಡ್ರಿ?"

ಶಕುಂತಲಾಬಾಯಿ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು. ವಿಮಲಾಬಾಯಿ ನಕ್ಕರು. "ಹೊಸಾದ್ರಾಗ ಗಾಜಿಗಿ ಗಾಜು ಅಂಟಿಸ್ಯಾರ. ಚಂದ್ರನ್ನ ನೋಡಾಕ ಅದಕ್ಕ ಸಾಟಿ ಇಲ್ಲ. ಸೂರ್ಯನ ಕಾವಿಗಿ ಮಾತ್ರ ಅಂಟು ಗುಳ್ಳಿ ಏಳ್ತದ. ಹಿತ್ತಾಳಿದ್ರಾಗ ಎರಡೇ ಗಾಜು, ದೂರ ದೂರ, ಅಂಟೇ ಇಲ್ಲ. ಒಂದು ಕೆಲಸಕ್ಕ ಛಲೋ ಇದ್ದದ್ದು ಎಲ್ಲಾ ಕೆಲಸಕ್ಕೂ ಛಲೋ ಇರ್ತದಂತ ಯಾರಂದ್ರು? ಶಕ್ ಬಂದ್ರ ಇಟ್ಟು ಹೋಗ್ರಿ."

ಶಕ್ ಬಂದಿತ್ತು. ಆದರೂ ಒಯ್ದ.

ಈಗ ನೋಡಿ, ಅವನ ಮುಂದೆ ಎರಡು ಮಾತು. ಒಬ್ಬ ಕಣ್ಣು ಹಚ್ಚು ಎನ್ನುತ್ತಾನೆ. ಅವನ ನಂಬರಿನ ಮಾತು ಖರೇ ಆಗಿತ್ತು. ಒಬ್ಬರು ಬೇಡ ಎನ್ನುತ್ತಾರೆ. ಅವರು ಹೊಸದನ್ನು ಬಚ್ಚಿಟ್ಟು ಹಳೆಯದನ್ನು ಕೊಟ್ಟರು. ಯಾರ ಮಾತು ತಪ್ಪಾದರೂ ಕಳೆದುಕೊಳ್ಳುವವನು ತಾನು, ಇರುವುದು ಒಂದೇ ಕಣ್ಣು. ಮೂರು ದಿನ ಹಸಿರು ಗಾಜು, ಹಿತ್ತಾಳೆಯ ಐಪೀಸು ಎರಡನ್ನೂ ಕೈಯಲ್ಲಿ ಹೊರಳಿಸುತ್ತ ಕುಳಿತ. ನಾಲ್ಕನೆಯ ದಿನ ಗಂಜಿನಲ್ಲಿ ಚೀಲಕ್ಕೆ ಕೊಳವೆ ಚುಚ್ಚಿದ, ಮೊದಲ ಹಿಡಿ ನೆಲಕ್ಕೆ ಚೆಲ್ಲಿದ, ಚೆಲ್ಲಿದ ಕಾಳನ್ನೇ ನೋಡುತ್ತ ನಿಂತುಬಿಟ್ಟ.

"ಏನಾತಣ್ಣಾ?" ಎಂದ ಮೊಗಲಪ್ಪ.

"ಏನಿಲ್ಲ. ದಾರಿ ಸಿಕ್ತು."

ಮೇ ತಿಂಗಳ ಮಟಮಟ ಮಧ್ಯಾಹ್ನ. ಸೂರ್ಯ ನೆತ್ತಿಯ ಮೇಲೆ. ಶಾಂತಪ್ಪ ದುರ್ಬೀನನ್ನು ನೇರ ಮೇಲಕ್ಕೆ ನಿಲ್ಲಿಸಿ, ಕೊಳವೆಯ ನೆರಳು ಸಣ್ಣದಾಗುವವರೆಗೆ ಸರಿಸಿದ. ಇಪ್ಪತ್ತರ ಐಪೀಸಿಗೆ ಹಸಿರು ಗಾಜು ತಿರುವಿ ಕೂಡಿಸಿದ. ಅದರ ಕೆಳಗೆ, ತನ್ನ ಕಣ್ಣು ಇರಬೇಕಾಗಿದ್ದ ಜಾಗದಲ್ಲಿ, ಒಣಗಿದ ಮುತ್ತುಗದ ಎಲೆಯೊಂದನ್ನು ಇಟ್ಟಿಗೆಯ ಮೇಲಿಟ್ಟ. ಮೊದಲ ನೋಟ ನೆಲಕ್ಕೆ. ದೂರ ಸರಿದು ಅಡಿಕೆ ಬಾಯಿಗೆ ಹಾಕಿಕೊಂಡು ಕುಳಿತ. ಶಕುಂತಲಾಬಾಯಿ ಮೆಟ್ಟಿಲ ಮೇಲೆ ನಿಂತಿದ್ದಳು.

ಅಡಿಕೆ ಅರ್ಧ ಕರಗುವವರೆಗೆ ಏನೂ ಆಗಲಿಲ್ಲ. ಎಲೆಯ ಮೇಲೆ ಮಂದ ಹಸಿರು ಬಿಲ್ಲೆ. "ಹುಡುಗ ಖರೇ ಹೇಳ್ಯಾನ ನೋಡು" ಎಂದು ಶಾಂತಪ್ಪ ಏಳಲು ಮೊಣಕಾಲಿಗೆ ಕೈ ಊರಿದ.

ಟಿಕ್.

ಹಸಿರು ಗಾಜಿನ ನಡುವೆ ಒಂದು ಗೆರೆ ಬಿತ್ತು. ಎಲೆಯ ಮೇಲೆ ಬೆಳ್ಳಗೆ ಒಂದು ಚುಕ್ಕೆ ಉರಿಯಿತು, ಕಪ್ಪಾಯಿತು, ಹೊಗೆ ಎದ್ದು ತೂತಾಯಿತು. ಐಪೀಸಿನ ಪ್ಲಾಸ್ಟಿಕ್ ಅಂಚು ಮೆತ್ತಗಾಗಿ ಕಮಟು ವಾಸನೆ ಬಂತು.

ಶಾಂತಪ್ಪ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಲ್ಲೇ ಕೂತ. ಆ ಕ್ಷಣ ಅವನಿಗೆ ಲೋಕ ಪೂರಾ ಕತ್ತಲೆ. ಶಕುಂತಲಾಬಾಯಿ ಓಡಿ ಬಂದು ಕೈ ಎಳೆದಳು. "ಕಾಣ್ತದೇನ್ರಿ? ನಾ ಕಾಣ್ತೀನಿ?"

"ಕಾಣ್ತೀ. ಹಣಿ ಮ್ಯಾಲ ಹಿಟ್ಟು ಹತ್ತ್ಯದ" ಎಂದ.

ಆಮೇಲೆ ಹಿತ್ತಾಳೆಯದರ ಸರದಿ. ಅದಕ್ಕೂ ರಿಯಾಯಿತಿ ಕೊಡಲಿಲ್ಲ. ಬಾಯಿ ಸ್ವಲ್ಪ ಸಡಿಲವಿತ್ತು, ಹತ್ತಿಯ ದಾರ ಸುತ್ತಿ ಬಿಗಿ ಮಾಡಿದ. ಸೂರ್ಯ ಸರಿದಂತೆ ದುರ್ಬೀನನ್ನೂ ಸರಿಸುತ್ತ ಹೋದ; ಮೂರು ಅಡಿಕೆ ಕರಗಿದವು. ಹಿತ್ತಾಳೆ ಬಿಸಿಯಾಯಿತು, ಅಷ್ಟೇ. ಕೆಳಗಿನ ಬಿಳಿ ಹಾಳೆಯ ಮೇಲೆ ಸಣ್ಣ ತಾಟಿನಷ್ಟು ದುಂಡಗೆ ಸೂರ್ಯ ಕೂತಿದ್ದ, ರಂಗೋಲಿ ಬಿಟ್ಟ ಹಾಗೆ.

ಸಂಜೆ ಮಿಲಿಂದನಿಗೆ ಫೋನ್ ಮಾಡಿದ. "ತಮ್ಮಾ, ನಿನ್ನ ಹತ್ರ ಉಳಿದ ಡಬ್ಬ್ಯಾಗಿನ ಹಸಿರು ಗಾಜು ಎಲ್ಲಾ ತಗದು ಒಡದು ಹಾಕು." ಮಿಲಿಂದ್ ಮೊದಲು ನಂಬಲಿಲ್ಲ, ರೊಕ್ಕ ವಾಪಸ್ ಕೇಳುವ ಉಪಾಯವೇನೋ ಎಂದುಕೊಂಡ. ಎರಡು ದಿನ ಬಿಟ್ಟು, ಒಡೆದು ಹಾಕಿದೆ ಎಂದ. ಅದನ್ನು ಶಾಂತಪ್ಪ ನಂಬಲಿಲ್ಲ. ಮತ್ತೆ ಜಹೀರಾಬಾದಿಗೆ ಹೋಗಿ, ಅಟ್ಟದ ಮೇಲಿನ ನಾಲ್ಕು ಡಬ್ಬಿಗಳನ್ನೂ ಬಿಚ್ಚಿಸಿ ನೋಡಿದ. ಒಂದರಲ್ಲಿ ಗಾಜು ಉಳಿದಿತ್ತು. "ಮರತಿದ್ದೆ ಕಾಕಾ, ಖರೇ" ಎಂದ ಮಿಲಿಂದ್, ಬಿಳಿಚಿಕೊಂಡು. ಅಲ್ಲೇ ಹೊಸ್ತಿಲ ಮೇಲಿಟ್ಟು ಕಲ್ಲಿನಿಂದ ಒಡೆದರು.

ಜೂನ್ ಆರು. ಬೆಳಿಗ್ಗೆ ಮೋಡ. ಗಂಜಿನ ಕಟ್ಟೆಯ ಮೇಲೆ ದುರ್ಬೀನು, ಅದರ ಬಾಲಕ್ಕೆ ಹಿತ್ತಾಳೆಯ ಐಪೀಸು, ಅದರಿಂದ ಮೊಳದಷ್ಟು ದೂರದಲ್ಲಿ ಗೋಣಿತಟ್ಟಿನ ನೆರಳಿನೊಳಗೆ ಬಿಳಿ ರಟ್ಟು. ಹಮಾಲರು, ದಲ್ಲಾಳಿಗಳು, ಚಹಾದವನು ಎಲ್ಲರೂ ಸೇರಿದ್ದರು. "ಶುಕ್ರನೂ ಬಂದ್ ಮಾಡ್ಯಾನ" ಎಂದು ಯಾರೋ ಅಂದರು. ಎಂಟು ದಾಟಿದ ಮೇಲೆ ಮೋಡ ಹರಿಯಿತು. ರಟ್ಟಿನ ಮೇಲೆ ಸೂರ್ಯ ಮೂಡಿದ. ಅವನ ಮೈಮೇಲೆ, ಸರಿಯಾಗಿ ಒಂದು ತೊಗರಿಕಾಳಿನಷ್ಟು, ಕಪ್ಪಗೆ ದುಂಡಗೆ ಒಂದು ಚುಕ್ಕೆ.

ಮೊಗಲಪ್ಪ ಮುಂದೆ ಬಂದು ಬಗ್ಗಿ ನೋಡಿದ. "ಅಣ್ಣಾ, ಇದು ಶುಕ್ರ ಅಲ್ಲ. ನಿನ್ನ ಗಾಜಿಗಿ ಹೊಲಸು ಹತ್ಯದ."

ಹೌದು ಹೌದು ಎಂದರು ನಾಲ್ವರು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಿಗೇಳುತ್ತಿದ್ದರು. ಶಾಂತಪ್ಪನ ಮುಖ ಅರಳಿತು. "ಕೇಳಬೇಕು! ಹಿಂಗ ಕೇಳಬೇಕು. ಬಾ, ನಿನ್ನ ಕೈಯಿಂದೇ ತಿರುವು. ಐಪೀಸಿಗಿ ಹತ್ತಿದ ಹೊಲಸಾದ್ರ ಅದರ ಸಂಗಾಟ ತಿರಗಬೇಕು."

ಮೊಗಲಪ್ಪ ಹಿತ್ತಾಳೆಯನ್ನು ತಿರುವಿದ. ಗಾಜಿನ ಅಂಚಿನ ಒಂದು ನಿಜವಾದ ಧೂಳಿನ ಕಣ ರಟ್ಟಿನ ಮೇಲೆ ಗಿರಗಿರ ಸುತ್ತಿತು. ಕರಿಕಾಳು ಕದಲಲಿಲ್ಲ. ರಟ್ಟನ್ನು ತಿರುವಿದ. ಕದಲಲಿಲ್ಲ. ಮುಂದಿನ ದೊಡ್ಡ ಗಾಜನ್ನು ಧೋತರದ ಚುಂಗಿನಿಂದ ಒರೆಸಿದ. ಅಲ್ಲೇ ಇತ್ತು.

"ತಡಿ, ಜಾಗ ಬಿಡಂಗಿಲ್ಲ ನಾ" ಎಂದು ಮೊಗಲಪ್ಪ ಪೆನ್ಸಿಲಿನಿಂದ ರಟ್ಟಿನ ಮೇಲೆ ಸೂರ್ಯನ ಅಂಚನ್ನೂ ಕಾಳಿನ ಜಾಗವನ್ನೂ ಗುರುತು ಮಾಡಿ ಕಾವಲು ಕೂತ. ಶಾಂತಪ್ಪ ದುರ್ಬೀನು ಸರಿಸಿ ಸರಿಸಿ ಸೂರ್ಯನನ್ನು ಅದೇ ಗೆರೆಯೊಳಗೆ ಕೂಡಿಸಿದರೂ ಗಳಿಗೆ ಗಳಿಗೆಗೂ ಕಾಳು ಗುರುತಿನಿಂದ ಸರಿದು ಅಂಚಿನ ಕಡೆ ನಡೆಯಿತು. ಹತ್ತು ದಾಟಿದ ಮೇಲೆ ಅಂಚನ್ನು ಮುಟ್ಟಿತು, ಸೂರ್ಯನನ್ನು ಇಲಿ ಕಚ್ಚಿದಂತೆ ಕಂಡಿತು, ಆಮೇಲೆ ಇಲ್ಲ.

ಮೊಗಲಪ್ಪ ಎದ್ದು ಸೊಂಟ ನೆಟ್ಟಗೆ ಮಾಡಿದ. "ಹೇಳಿದ ತಾರೀಖಿಗಿ ಇದೊಂದು ಬಂತು ನೋಡ್ರಿ" ಎಂದ.

ಗುಂಪು ಚದುರುವಾಗ ಬೊಮ್ರಾಸಪೇಟ್ ಕಡೆಯ ಅಂಜಪ್ಪ ಎಂಬ ರೈತ ಬೀಜಕ್ಕೆಂದು ಇಟ್ಟು ಉಳಿದಿದ್ದ ಒಂದು ಚೀಲ ತೊಗರಿ ಹೊತ್ತು ತಂದ. ಸೂರ್ಯನ ಗದ್ದಲದಲ್ಲಿ ಇವತ್ತು ಯಾರೂ ಸರಿಯಾಗಿ ನೋಡಲಿಕ್ಕಿಲ್ಲ ಎಂದುಕೊಂಡಿದ್ದನೋ ಏನೋ.

"ಮಾಲು ಬಂಗಾರ ಅದರಿ. ನೋಡೋ ಜರೂರತ್ತೇ ಇಲ್ಲ."

ಶಾಂತಪ್ಪ ಕೊಳವೆ ಚುಚ್ಚಿದ. ಮೊದಲ ಹಿಡಿ ನೆಲಕ್ಕೆ ಚೆಲ್ಲಿದ. ಎರಡನೆಯ ಹಿಡಿಯನ್ನು ಬಲಗಣ್ಣಿನ ಹತ್ತಿರ ತಂದು, ಬೆರಳ ತುದಿಯಿಂದ ಒಂದೊಂದೇ ಕಾಳು ಹೊರಳಿಸಿ, ಮೂರನ್ನು ಆರಿಸಿ ಅಂಜಪ್ಪನ ಅಂಗೈಗೆ ಇಟ್ಟ. ಮೂರರ ಮೈಯಲ್ಲೂ ಸೂಜಿಮೊನೆಯಷ್ಟು ತೂತು.

"ತಿರುವಿ ನೋಡು" ಎಂದ. "ಧೂಳಾಗಿದ್ರ ಉದುರಲಿ."